ಮರುಪರೀಕ್ಷೆಯಲ್ಲಿ ಅಂಕ ಇಳಿದರೆ ಕಾಲೇಜಿನವರು ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ?

ದ್ವಿತೀಯ ಪಿಯುಸಿ ಮುಗಿಸಿ, ನೀಟ್ ಅಥವಾ ಸಿಇಟಿಯಲ್ಲಿ ನೆನೆಸಿದ ಸೀಟು ಸಿಗದೆ, ‘ಲಾಂಗ್ ಟರ್ಮ್’ಗೆ ಸೇರಿ ಇನ್ನೊಂದು ವರ್ಷ ಓದುತ್ತೇನೆಂದು ಹೊರಡುವ ವಿದ್ಯಾರ್ಥಿಗಳು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಪ್ರತಿ ವರ್ಷವೂ ಇದ್ದಾರೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದಂಥ ಊರುಗಳಿಂದ ಕೆಲವರು ಹೈದರಾಬಾದ್, ವಿಜಯವಾಡದ ಕಡೆಗೆ ಹೋದರೆ ಕೆಲವರು ದಾವಣಗೆರೆ, ಮಂಗಳೂರಿನ ಹಾದಿ ಹಿಡಿಯುತ್ತಾರೆ. ತರಬೇತಿ ಶುಲ್ಕ, ಹಾಸ್ಟೆಲ್ ಶುಲ್ಕ ಎಲ್ಲವನ್ನೂ ವಿಚಾರಿಸುವ ತಂದೆತಾಯಿಗಳು ಒಂದು ಪ್ರಶ್ನೆಯನ್ನು ಮಾತ್ರ ಕೇಳಲು ಹಿಂಜರಿಯುತ್ತಾರೆ: ಮುಂದಿನ ಸಲ ಅಂಕ ಇನ್ನೂ ಕಡಿಮೆ ಬಂದರೆ ಗತಿಯೇನು, ಹಳೆಯ ಅಂಕವಾದರೂ ಉಳಿಯುತ್ತದೆಯೇ, ಇಳಿದ ಅಂಕವನ್ನು ನೋಡಿ ಕಾಲೇಜಿನವರು ನಮ್ಮ ಹುಡುಗನನ್ನು ಹಗುರವಾಗಿ ಕಾಣುತ್ತಾರೆಯೇ?

ಈ ಪ್ರಶ್ನೆಗೆ ಎಲ್ಲ ಪರೀಕ್ಷೆಗಳಿಗೂ ಹೊಂದುವ ಒಂದೇ ಉತ್ತರವಿಲ್ಲ. ನಮ್ಮ ದೇಶದಲ್ಲಿ ಹೆಚ್ಚಿನ ಪ್ರವೇಶಗಳು ರ‍್ಯಾಂಕ್ ಪಟ್ಟಿಯ ಮೇಲೆ ನಡೆಯುವುದರಿಂದ, ಅಂಕ ಏರಿತೋ ಇಳಿಯಿತೋ ಎಂಬುದನ್ನು ಕಾಲೇಜಿನ ಪ್ರಾಂಶುಪಾಲರು ಕುಳಿತು ತೂಗಿ ನೋಡುವ ಪದ್ಧತಿಯೇ ಇಲ್ಲ. ನಿಯಮ ಯಾವ ಅಂಕವನ್ನು ಎತ್ತಿಕೊಳ್ಳುತ್ತದೆಯೋ ಅದೊಂದೇ ಅವರ ಮುಂದೆ ಬರುತ್ತದೆ. ಆದ್ದರಿಂದ ಮತ್ತೆ ಬರೆಯಬೇಕೇ ಬೇಡವೇ ಎಂಬ ತೀರ್ಮಾನವು ಧೈರ್ಯಕ್ಕೋ ಭಯಕ್ಕೋ ಸಂಬಂಧಿಸಿದ್ದಲ್ಲ, ಆ ಪರೀಕ್ಷೆಯ ನಿಯಮಕ್ಕೆ ಸಂಬಂಧಿಸಿದ್ದು.

ಮೊದಲ ಹೆಜ್ಜೆ: ನಿಮ್ಮ ಪರೀಕ್ಷೆ ಯಾವ ಗುಂಪಿಗೆ ಸೇರಿದೆ ಎಂದು ಗುರುತಿಸಿಕೊಳ್ಳಿ

ಮೊದಲನೆಯ ಗುಂಪಿನಲ್ಲಿ ಆ ವರ್ಷದ ಅಂಕಕ್ಕೆ ಮಾತ್ರ ಬೆಲೆ. ನೀಟ್, ಕರ್ನಾಟಕ ಸಿಇಟಿ, ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳ ಒಕ್ಕೂಟ ನಡೆಸುವ ಕಾಮೆಡ್‌ಕೆ ಮತ್ತು ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ ಈ ಗುಂಪಿನವು. ಎರಡನೆಯ ಗುಂಪಿನಲ್ಲಿ ಬರೆದವುಗಳಲ್ಲಿ ಉತ್ತಮವಾದದ್ದು ಉಳಿಯುತ್ತದೆ. ಒಂದೇ ವರ್ಷದ ಎರಡು ಜೆಇಇ ಮೇನ್ ಅಧಿವೇಶನಗಳು ಹಾಗೂ ನಮ್ಮ ರಾಜ್ಯದ ಪಿಯುಸಿ ಪರೀಕ್ಷೆಗಳು ಇದಕ್ಕೆ ಸೇರಿವೆ. ಮೂರನೆಯದು ಅಮೆರಿಕದ ಕಾಲೇಜುಗಳಿಗಾಗಿ ಬರೆಯುವ ಸ್ಯಾಟ್‌ನಂಥ ಪರೀಕ್ಷೆಗಳದು. ಅಲ್ಲಿ ನಿಯಮ ಪರೀಕ್ಷೆಯದಲ್ಲ, ಆಯಾ ಕಾಲೇಜಿನದು. ಇಂಜಿನಿಯರಿಂಗ್ ಮುಗಿಸಿದವರು ಬರೆಯುವ ಗೇಟ್ ಪರೀಕ್ಷೆಯ ಅಂಕಕ್ಕೆ ಮೂರು ವರ್ಷಗಳ ಮಾನ್ಯತೆ ಇರುವುದರಿಂದ, ಎರಡನೇ ಸಲ ಇಳಿದರೂ ಅವಧಿ ಮುಗಿಯದ ಹಳೆಯ ಅಂಕದ ಮೇಲೆ ಅರ್ಜಿ ಹಾಕಬಹುದು.

ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಅರ್ಧ ಗೊಂದಲ ಅಲ್ಲಿಯೇ ಕರಗುತ್ತದೆ. ಮೊದಲ ಗುಂಪಿನ ಪರೀಕ್ಷೆಗೆ ಒಂದು ವರ್ಷ ಬಿಟ್ಟು ಕೂರುವುದು ನಿಜವಾದ ಪಣ. ಎರಡನೆಯ ಗುಂಪಿನಲ್ಲಿ ಮತ್ತೆ ಬರೆಯುವುದರಿಂದ ಶುಲ್ಕ ಮತ್ತು ಸಮಯದ ಹೊರತು ಬೇರೆ ನಷ್ಟವಿಲ್ಲ.

ಎರಡನೇ ಹೆಜ್ಜೆ: ನೀಟ್ ಮತ್ತೆ ಬರೆಯುವ ಮುನ್ನ ಕೈಯಲ್ಲಿರುವುದನ್ನು ಎಣಿಸಿ

ನೀಟ್ ಪರೀಕ್ಷೆಯನ್ನು ಎಷ್ಟು ಸಲವಾದರೂ ಬರೆಯಬಹುದು, ಗರಿಷ್ಠ ವಯಸ್ಸಿನ ಮಿತಿಯನ್ನೂ 2022ರಲ್ಲಿ ತೆಗೆದುಹಾಕಲಾಯಿತು. ಎಷ್ಟನೇ ಸಲ ಬರೆದಿರಿ ಎಂಬ ಕಾರಣಕ್ಕೆ ಯಾವ ಅಂಕವನ್ನೂ ಕಡಿಯುವುದಿಲ್ಲ. ಆದರೆ ಕಳೆದ ವರ್ಷದ ಅಂಕಪಟ್ಟಿಯನ್ನು ಈ ವರ್ಷದ ಕೌನ್ಸೆಲಿಂಗ್‌ಗೆ ತೆಗೆದುಕೊಂಡು ಹೋದರೆ ಅದಕ್ಕೆ ಕಾಗದದ ಬೆಲೆಯೂ ಇಲ್ಲ. ಹಿಂದಿನ ಸಲ 500 ಬಂದು ಈ ಸಲ 470 ಬಂದರೆ, ನಿಮ್ಮ ಅಂಕ 470 ಮಾತ್ರ.

ಹಳೆಯದನ್ನು ಉಳಿಸಿಕೊಳ್ಳುವ ಆಯ್ಕೆ ನೀಟ್‌ನಲ್ಲಿ ಕಂಡದ್ದು 2024ರ ವಿಶೇಷ ಪ್ರಸಂಗದಲ್ಲಿ. ಆ ವರ್ಷ ಸಮಯ ನಷ್ಟವಾಯಿತೆಂದು ಕೃಪಾಂಕ ಪಡೆದಿದ್ದ 1,563 ಅಭ್ಯರ್ಥಿಗಳ ವಿಷಯ ಸುಪ್ರೀಂ ಕೋರ್ಟ್ ಮುಂದೆ ಬಂದಾಗ, ಕೃಪಾಂಕ ಕಳೆದ ಮೂಲ ಅಂಕವನ್ನೇ ಒಪ್ಪಿಕೊಳ್ಳಬಹುದು ಇಲ್ಲವೇ ಜೂನ್ 23ರಂದು ಮತ್ತೆ ಬರೆಯಬಹುದು ಎಂದು ಅವರಿಗೆ ಅವಕಾಶ ನೀಡಲಾಯಿತು; ಮತ್ತೆ ಬರೆದವರಿಗೆ ಹೊಸ ಅಂಕವೇ ಅಂತಿಮವೆಂಬ ಷರತ್ತೂ ಇತ್ತು. 813 ಮಂದಿ ಬರೆದರು, ಉಳಿದವರು ಬರೆಯಲಿಲ್ಲ. ಬರೆಯದೆ ಉಳಿದವರನ್ನು ಅಂಜುಬುರುಕರೆಂದು ನಾನು ಹೇಳಲಾರೆ. ಇಳಿದರೆ ಹಿಂದಕ್ಕೆ ಬರಲು ದಾರಿಯಿಲ್ಲದ ಪರೀಕ್ಷೆಯಲ್ಲಿ, ಕೈಯಲ್ಲಿರುವ ಅಂಕ ಯಾವ ಸೀಟನ್ನು ತರುತ್ತದೆ ಎಂದು ಮೊದಲು ನೋಡುವುದೇ ಸರಿಯಾದ ಕ್ರಮ.

ನಮ್ಮ ಭಾಗದವರು ಇದನ್ನು ನೋಡುವಾಗ ಸಂವಿಧಾನದ 371(ಜೆ) ವಿಧಿಯನ್ನು ಮರೆಯಬಾರದು. ಕಲ್ಯಾಣ ಕರ್ನಾಟಕದ ಸ್ಥಳೀಯ ಅಭ್ಯರ್ಥಿಗಳಿಗೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಮತ್ತು ರಾಜ್ಯದ ಉಳಿದ ಕಡೆ ಶೇ 8ರಷ್ಟು ಮೀಸಲಾತಿ ಇರುವುದರಿಂದ, ಬಳ್ಳಾರಿ ವೈದ್ಯಕೀಯ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಇವುಗಳಿಗೆ ನಿಮ್ಮ ಸ್ಪರ್ಧೆ ಇಡೀ ರಾಜ್ಯದೊಂದಿಗೆ ಇರುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪ್ರತಿ ಸುತ್ತಿನ ನಂತರ ಪ್ರಕಟಿಸುವ ಕೊನೆಯ ರ‍್ಯಾಂಕ್ ಪಟ್ಟಿಗಳಲ್ಲಿ ಕಲ್ಯಾಣ ಕರ್ನಾಟಕದ ಪಟ್ಟಿಯನ್ನು ತೆಗೆದು, ನಿಮ್ಮ ಪ್ರವರ್ಗದ ಸಾಲಿನಲ್ಲಿ ಹಿಂದಿನ ಎರಡು ಮೂರು ವರ್ಷಗಳ ಗಡಿ ಎಲ್ಲಿತ್ತು ಎಂದು ಗುರುತು ಹಾಕಿಕೊಳ್ಳಿ. ನಿಮ್ಮ ರ‍್ಯಾಂಕ್ ಆ ಗಡಿಯ ಸಮೀಪದಲ್ಲಿದ್ದರೆ ಇನ್ನೊಂದು ವರ್ಷದ ಶ್ರಮಕ್ಕೆ ಅರ್ಥವಿದೆ. ಬಹುದೂರದಲ್ಲಿದ್ದರೆ, ತರಬೇತಿ ಕೇಂದ್ರದ ಜಾಹೀರಾತಿನಲ್ಲಿ ಎಷ್ಟೇ ಫೋಟೊಗಳಿರಲಿ, ಆ ದೂರ ಎಷ್ಟು ಅಂಕಗಳದೆಂದು ವಿಷಯವಾರು ಲೆಕ್ಕ ಮಾಡದೆ ಹಣ ಕಟ್ಟಬೇಡಿ.

ಇನ್ನೊಂದು ವಿಷಯ. ಸಿಕ್ಕ ಸೀಟನ್ನು ಬಿಟ್ಟು ಹೋಗುವ ರೀತಿಗೂ ನಿಯಮಗಳಿವೆ. ಪ್ರಾಧಿಕಾರದ ಕೌನ್ಸೆಲಿಂಗ್‌ನಲ್ಲಿ ನಾಲ್ಕು ಆಯ್ಕೆಗಳಿರುತ್ತವೆ: ಸೀಟು ಒಪ್ಪಿ ಸೇರುವುದು, ಒಪ್ಪಿಕೊಂಡೇ ಮುಂದಿನ ಸುತ್ತಿಗೆ ಹೋಗುವುದು, ಒಪ್ಪದೆ ಮುಂದಿನ ಸುತ್ತಿಗೆ ಕಾಯುವುದು, ಪ್ರಕ್ರಿಯೆಯಿಂದಲೇ ಹೊರಬರುವುದು. ವೈದ್ಯಕೀಯ ಸೀಟುಗಳ ಕೊನೆಯ ಸುತ್ತುಗಳಲ್ಲಿ ಸೀಟು ಸಿಕ್ಕ ಮೇಲೆ ಸೇರದೆ ಹೋದರೆ ಠೇವಣಿ ಕಳೆದುಕೊಳ್ಳುವುದಲ್ಲದೆ ಮುಂದಿನ ಅವಕಾಶಕ್ಕೂ ಕುತ್ತು ಬರಬಹುದು. ‘ಮುಂದಿನ ವರ್ಷ ಹೇಗೂ ಬರೆಯುತ್ತೇನೆ, ಸುಮ್ಮನೆ ಆಯ್ಕೆ ತುಂಬಿ ನೋಡೋಣ’ ಎಂದು ಆಡುವವರು ಆ ವರ್ಷದ ಮಾಹಿತಿ ಪುಸ್ತಿಕೆಯ ದಂಡದ ಭಾಗವನ್ನು ಓದಿದ ನಂತರವೇ ಆಡಲಿ.

ಮೂರನೇ ಹೆಜ್ಜೆ: ಇಳಿದದ್ದು ಅಂಕವೋ ರ‍್ಯಾಂಕೋ ಎಂದು ನೋಡಿ

ಫಲಿತಾಂಶದ ದಿನ ಮನೆಗಳಲ್ಲಿ ಆಗುವ ಅನಾವಶ್ಯಕ ದುಃಖಕ್ಕೆ ಎರಡು ವರ್ಷಗಳ ಅಂಕಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಮುಖ್ಯ ಕಾರಣ. 2024ರ ನೀಟ್‌ನಲ್ಲಿ ಅಂತಿಮ ಪರಿಷ್ಕೃತ ಫಲಿತಾಂಶದ ಪ್ರಕಾರ 17 ಮಂದಿ 720ಕ್ಕೆ 720 ಪಡೆದಿದ್ದರು. 2025ರಲ್ಲಿ ಪ್ರಶ್ನೆಪತ್ರಿಕೆ, ಅದರಲ್ಲೂ ಭೌತಶಾಸ್ತ್ರ, ಕಠಿಣವಾಗಿತ್ತು. ದೇಶಕ್ಕೆ ಮೊದಲಿಗನಾದವನ ಅಂಕವೇ 686. ಸಾಮಾನ್ಯ ವರ್ಗದ ಅರ್ಹತಾ ಅಂಕ 162ರಿಂದ 144ಕ್ಕೆ ಇಳಿಯಿತು. 2024ರಲ್ಲಿ 650 ದಾಟಿದವರು ಸುಮಾರು 30 ಸಾವಿರ ಮಂದಿ ಇದ್ದರೆ, 2025ರಲ್ಲಿ 550 ದಾಟಿದವರು ಸುಮಾರು 12 ಸಾವಿರ ಮಂದಿ ಮಾತ್ರ. ಅಂದರೆ 2024ರಲ್ಲಿ 650 ಪಡೆದು, ಮರುವರ್ಷ 555 ಪಡೆದ ವಿದ್ಯಾರ್ಥಿನಿಯು ಮೇಲ್ನೋಟಕ್ಕೆ 95 ಅಂಕ ಕಳೆದುಕೊಂಡಂತೆ ಕಂಡರೂ ಸಾಲಿನಲ್ಲಿ ಬಹಳ ಮುಂದಕ್ಕೆ ಬಂದಿದ್ದಾಳೆ. ಕೌನ್ಸೆಲಿಂಗ್ ನೋಡುವುದು ಸಾಲನ್ನು. ಫೋನು ಮಾಡಿ ‘ಎಷ್ಟು ಬಂತವ್ವ?’ ಎಂದು ಕೇಳುವ ಬಂಧುಗಳಿಗೂ ಅಂಕದ ಬದಲು ರ‍್ಯಾಂಕನ್ನೇ ಹೇಳುವುದು ಒಳ್ಳೆಯದು.

ಜೆಇಇ ಮೇನ್‌ನಲ್ಲಿ ಈ ಮಾತು ಇನ್ನೂ ಹೆಚ್ಚು ಸತ್ಯ. ಅಲ್ಲಿ ಬೇರೆ ಬೇರೆ ಪಾಳಿಗಳ ಪ್ರಶ್ನೆಪತ್ರಿಕೆಗಳ ಕಷ್ಟ ಒಂದೇ ತೆರನಾಗಿರುವುದಿಲ್ಲ. ಆದ್ದರಿಂದ 300ಕ್ಕೆ ಬಂದ ಅಂಕವನ್ನು ಆ ಪಾಳಿಯಲ್ಲಿ ಬರೆದವರ ನಡುವಿನ ಪರ್ಸೆಂಟೈಲ್ ಆಗಿ, ಅಂದರೆ ನೂರಕ್ಕೆ ಎಷ್ಟು ಮಂದಿ ನಿಮ್ಮಷ್ಟು ಅಥವಾ ನಿಮಗಿಂತ ಕಡಿಮೆ ಅಂಕ ಪಡೆದಿದ್ದಾರೆ ಎಂಬ ಲೆಕ್ಕವಾಗಿ, ಪರಿವರ್ತಿಸುತ್ತಾರೆ. ಜನವರಿಯಲ್ಲಿ 150 ಪಡೆದವನ ಪರ್ಸೆಂಟೈಲ್‌ಗಿಂತ ಏಪ್ರಿಲ್‌ನ ಕಠಿಣ ಪಾಳಿಯಲ್ಲಿ 140 ಪಡೆದವನ ಪರ್ಸೆಂಟೈಲ್ ಮೇಲಿರುವುದು ಸಾಧ್ಯ.

ನಾಲ್ಕನೇ ಹೆಜ್ಜೆ: ಸಿಇಟಿಯಲ್ಲಿ ಪಿಯುಸಿ ಅಂಕದ ಪಾಲನ್ನು ಬಳಸಿಕೊಳ್ಳಿ

ಕರ್ನಾಟಕ ಸಿಇಟಿಯ ಅಂಕವೂ ಆಯಾ ವರ್ಷಕ್ಕೆ ಮಾತ್ರ. ಆದರೆ ಇಂಜಿನಿಯರಿಂಗ್ ರ‍್ಯಾಂಕ್ ಕಟ್ಟುವಾಗ ಸಿಇಟಿಗೆ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ ತೂಕ. ಸಿಇಟಿಯಲ್ಲಿ ಈ ಮೂರು ವಿಷಯಗಳಿಗೆ ತಲಾ 60ರಂತೆ 180 ಅಂಕ, ಪಿಯುಸಿಯಲ್ಲಿ 300. ಒಂದು ಸಣ್ಣ ಲೆಕ್ಕ ಮಾಡಿ. ಪಿಯುಸಿಯಲ್ಲಿ ಶೇ 92, ಸಿಇಟಿಯಲ್ಲಿ 180ಕ್ಕೆ 90 ಅಂದರೆ ಶೇ 50 ಇದ್ದವನ ಸರಾಸರಿ 71. ಸಿಇಟಿಯಲ್ಲಿ 81ಕ್ಕೆ, ಅಂದರೆ ಶೇ 45ಕ್ಕೆ ಇಳಿದು, ಪಿಯುಸಿಯಲ್ಲಿ ಶೇ 97 ಮಾಡಿಕೊಂಡವನ ಸರಾಸರಿಯೂ 71. ಪಿಯುಸಿಯ 15 ಅಂಕ ಸಿಇಟಿಯ 9 ಅಂಕಕ್ಕೆ ಸಮವೆಂದಾಯಿತು. ಸಿಇಟಿಯಲ್ಲಿ ಇಳಿಯುವ ಭಯವಿರುವವರು ಪಿಯುಸಿ ಅಂಕ ಏರಿಸಿಕೊಳ್ಳುವುದನ್ನು ಕೀಳಾಗಿ ಕಾಣಬಾರದು.

ಅದಕ್ಕೆ ದಾರಿಯೂ ಸುಲಭವಾಗಿದೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು 2024ರಿಂದ ಪೂರಕ ಪರೀಕ್ಷೆಯೆಂಬ ಹಳೆಯ ಹೆಸರನ್ನು ಬಿಟ್ಟು ಪರೀಕ್ಷೆ 1, ಪರೀಕ್ಷೆ 2 ಎಂಬ ಕ್ರಮವನ್ನು ತಂದಿತು. 2024 ಮತ್ತು 2025ರಲ್ಲಿ ಮೂರನೆಯದೂ ನಡೆಯಿತು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ವಿಷಯವಾರು ಯಾವುದು ಹೆಚ್ಚೋ ಅದು ಉಳಿಯುತ್ತದೆ. ಪರೀಕ್ಷೆ 2ರಲ್ಲಿ ಗಣಿತದಲ್ಲಿ ಏರಿ ರಸಾಯನಶಾಸ್ತ್ರದಲ್ಲಿ ಇಳಿದರೆ, ಗಣಿತದ್ದು ಹೊಸ ಅಂಕ, ರಸಾಯನಶಾಸ್ತ್ರದ್ದು ಹಳೆಯ ಅಂಕ. ಇಂಥ ಉದಾರ ನಿಯಮವಿದ್ದೂ, ‘ಪಾಸಾದವನು ಮತ್ತೆ ಯಾಕೆ ಕೂರಬೇಕು, ನೋಡಿದವರು ಫೇಲಾದನೆಂದು ತಿಳಿಯುತ್ತಾರೆ’ ಎಂಬ ಮನೆಯವರ ಸಂಕೋಚಕ್ಕೆ ಅವಕಾಶ ಬಿಟ್ಟುಕೊಡುವವರನ್ನು ಕಂಡರೆ ಬೇಸರವಾಗುತ್ತದೆ. ಬರೆದ ಮೇಲೆ ಸಿಇಟಿ ಫಲಿತಾಂಶದ ಪುಟದಲ್ಲಿ ನಿಮ್ಮ ಪಿಯುಸಿ ಅಂಕ ಹೊಸದಾಗಿ ಬಂದಿದೆಯೇ ಎಂದು ಪರಿಶೀಲಿಸಿ. ಬರದಿದ್ದರೆ ಪ್ರಾಧಿಕಾರ ಕೊಟ್ಟ ಗಡುವಿನೊಳಗೆ ತಿಳಿಸಿ.

ಹಿಂದಿನ ವರ್ಷ ಪಿಯುಸಿ ಮುಗಿಸಿ ಈ ವರ್ಷ ಸಿಇಟಿ ಮಾತ್ರ ಬರೆಯುವ ರಿಪೀಟರ್‌ಗಳ ಪಿಯುಸಿ ಅಂಕಕ್ಕೆ ಬೆಲೆ ಇದೆಯೇ ಎಂಬ ಸಂಶಯಕ್ಕೆ ಕಾರಣ 2022ರ ವಿವಾದ. ಕೋವಿಡ್‌ನಿಂದಾಗಿ 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯೇ ನಡೆಯದೆ, ಹಿಂದಿನ ತರಗತಿಗಳ ಅಂಕಗಳ ಆಧಾರದ ಮೇಲೆ ಎಲ್ಲರನ್ನೂ ಪಾಸು ಮಾಡಲಾಗಿತ್ತು. ಆ ತಂಡದವರು 2022ರಲ್ಲಿ ಸಿಇಟಿ ಮತ್ತೆ ಬರೆದಾಗ, ಅವರ ಪಿಯುಸಿ ಅಂಕವನ್ನು ಬಿಟ್ಟು ಸಿಇಟಿ ಅಂಕದ ಮೇಲೆ ಮಾತ್ರ ರ‍್ಯಾಂಕ್ ನೀಡಲಾಯಿತು. ಸುಮಾರು 24 ಸಾವಿರ ವಿದ್ಯಾರ್ಥಿಗಳ ಈ ವಿಷಯ ಹೈಕೋರ್ಟಿಗೆ ಹೋಯಿತು. ಪಿಯುಸಿ ಅಂಕವನ್ನೂ ಪರಿಗಣಿಸಬೇಕೆಂದು ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಹೇಳಿದ ನಂತರ, ಮೂರು ವಿಷಯಗಳಲ್ಲಿ ಸರಾಸರಿ ತಲಾ 6 ಅಂಕ ಕಳೆದು ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯುವ ಸೂತ್ರಕ್ಕೆ ಬಂದು, ಹೊಸ ರ‍್ಯಾಂಕ್ ಪಟ್ಟಿ ಹೊರಟಿತು. ಅದು ಆ ಒಂದು ತಂಡದ ಅಸಾಮಾನ್ಯ ಸ್ಥಿತಿಗೆ ಕಂಡುಕೊಂಡ ಪರಿಹಾರ. ಪರೀಕ್ಷೆ ಬರೆದೇ ಪಿಯುಸಿ ಪಾಸಾದ ರಿಪೀಟರ್‌ಗಳಿಗೆ ಅಂಥ ಕಡಿತದ ಮಾತಿಲ್ಲ.

ಕಾಮೆಡ್‌ಕೆಯಲ್ಲಿ ಪಿಯುಸಿ ಅಂಕ ಅರ್ಹತೆಗೆ ಮಾತ್ರ ಬೇಕು, ರ‍್ಯಾಂಕ್‌ಗೆ ಸೇರುವುದಿಲ್ಲ. ಪಿಯುಸಿ ಅಂಕ ಕಡಿಮೆಯಿದ್ದು ಪ್ರವೇಶ ಪರೀಕ್ಷೆಯಲ್ಲಿ ಚುರುಕಾಗಿರುವವರು ಆ ಪರೀಕ್ಷೆಯನ್ನೂ ಬರೆಯಬಹುದು. ಶುಲ್ಕ ಮಾತ್ರ ಸರ್ಕಾರಿ ಕೋಟಾಕ್ಕಿಂತ ಬಹಳ ಹೆಚ್ಚು.

ಐದನೇ ಹೆಜ್ಜೆ: ಜೆಇಇಯಲ್ಲಿ ಸಲಗಳನ್ನು ಎಣಿಸಿಕೊಳ್ಳಿ

ಜೆಇಇ ಮೇನ್‌ನ ಜನವರಿ ಮತ್ತು ಏಪ್ರಿಲ್ ಅಧಿವೇಶನಗಳೆರಡನ್ನೂ ಬರೆದವರಿಗೆ ಉತ್ತಮ ಪರ್ಸೆಂಟೈಲ್‌ನ ಮೇಲೆ ರ‍್ಯಾಂಕ್ ಸಿಗುತ್ತದೆ, ಇಳಿದದ್ದನ್ನು ಯಾರೂ ಪರಿಗಣಿಸುವುದಿಲ್ಲ. ಜನವರಿಯಲ್ಲಿ ಚೆನ್ನಾಗಿ ಬಂದರೂ ಏಪ್ರಿಲ್‌ನಲ್ಲಿ ಬರೆಯುವುದರಿಂದ ರಾಯಚೂರಿನ ಐಐಐಟಿಗೋ ಸುರತ್ಕಲ್‌ನ ಎನ್‌ಐಟಿಗೋ ನಿಮ್ಮ ಅವಕಾಶ ಕಡಿಮೆಯಾಗುವುದಿಲ್ಲ. ಮುಂದಿನ ವರ್ಷಕ್ಕೆ ಮಾತ್ರ ಈ ವರ್ಷದ ಪರ್ಸೆಂಟೈಲ್ ಹೋಗುವುದಿಲ್ಲ. ಹನ್ನೆರಡನೇ ತರಗತಿ ಮುಗಿಸಿದ ವರ್ಷವೂ ಸೇರಿ ಸತತ ಮೂರು ವರ್ಷ ಮೇನ್ ಬರೆಯಬಹುದು. ಐಐಟಿಗಳ ಅಡ್ವಾನ್ಸ್‌ಡ್ ಪರೀಕ್ಷೆಗೆ ಸತತ ಎರಡು ವರ್ಷಗಳಲ್ಲಿ ಎರಡು ಸಲ ಮಾತ್ರ ಅವಕಾಶ. 2024ರ ನವೆಂಬರ್‌ನಲ್ಲಿ ಇದನ್ನು ಮೂರಕ್ಕೆ ಏರಿಸಿ ಕೆಲವೇ ದಿನಗಳಲ್ಲಿ ಮತ್ತೆ ಎರಡಕ್ಕೆ ಇಳಿಸಿದಾಗ, ಮೂರನೆಯ ಅವಕಾಶವನ್ನು ನಂಬಿ ಆ ನಡುವೆ ಕಾಲೇಜು ಬಿಟ್ಟವರು ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಅಂಥವರಿಗೆ ನೋಂದಾಯಿಸಲು ನ್ಯಾಯಾಲಯ ಅವಕಾಶ ಕೊಟ್ಟಿತು. ಪತ್ರಿಕೆಯ ಸುದ್ದಿಯೊಂದನ್ನು ನೋಡಿ ಅದೇ ವಾರ ಸೀಟು ಬಿಡಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆರನೇ ಹೆಜ್ಜೆ: ಅಮೆರಿಕಕ್ಕೆ ಹೋಗುವವರು ಕಾಲೇಜುವಾರು ನಿಯಮ ಬರೆದುಕೊಳ್ಳಿ

ನಮ್ಮ ಜಿಲ್ಲೆಗಳಿಂದ ಪದವಿಗೇ ಅಮೆರಿಕಕ್ಕೆ ಅರ್ಜಿ ಹಾಕುವವರು ಕಡಿಮೆ, ಆದರೆ ಇಲ್ಲವೆಂದಲ್ಲ. ಸ್ಯಾಟ್ ಪರೀಕ್ಷೆ ಒಟ್ಟು 1600ಕ್ಕೆ: ಓದು ಮತ್ತು ಬರವಣಿಗೆಗೆ 800, ಗಣಿತಕ್ಕೆ 800. ಎರಡನೇ ಸಲ ಅಂಕ ಇಳಿದರೆ ಕಾಲೇಜು ಅದನ್ನು ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ನಿಜಕ್ಕೂ ಹುಟ್ಟುವುದು ಇಲ್ಲಿಯೇ, ಏಕೆಂದರೆ ಅಲ್ಲಿ ಅರ್ಜಿಯನ್ನು ಮನುಷ್ಯರು ಓದುತ್ತಾರೆ.

ಬಹಳಷ್ಟು ಕಾಲೇಜುಗಳು ‘ಸೂಪರ್‌ಸ್ಕೋರ್’ ಕ್ರಮವನ್ನು ಅನುಸರಿಸುತ್ತವೆ, ಅಂದರೆ ಬೇರೆ ಬೇರೆ ದಿನಗಳ ಪರೀಕ್ಷೆಗಳಿಂದ ಪ್ರತಿ ಭಾಗದ ಗರಿಷ್ಠ ಅಂಕವನ್ನು ಆರಿಸಿ ಕೂಡುತ್ತವೆ. ಮೊದಲ ಸಲ ಓದು-ಬರವಣಿಗೆಯಲ್ಲಿ 640, ಗಣಿತದಲ್ಲಿ 700, ಒಟ್ಟು 1340 ಬಂದಿದೆ ಎನ್ನಿ. ಎರಡನೇ ಸಲ 570 ಮತ್ತು 760, ಒಟ್ಟು 1330. ಒಟ್ಟು ಅಂಕ ಇಳಿದಿದ್ದರೂ ಸೂಪರ್‌ಸ್ಕೋರ್ 1400. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ (ಎಂಐಟಿ) ಈ ಕ್ರಮದಲ್ಲಿಯೇ ಪ್ರತಿ ಭಾಗದ ಗರಿಷ್ಠವನ್ನು ನೋಡುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಪ್ರವೇಶ ತೀರ್ಮಾನಕ್ಕೆ ಸ್ಯಾಟ್ ಅಂಕವನ್ನು ನೋಡುವುದೇ ಇಲ್ಲ. ಜಾರ್ಜ್‌ಟೌನ್ ವಿಶ್ವವಿದ್ಯಾಲಯವಾದರೋ ಬರೆದ ಎಲ್ಲ ಸಲಗಳ ಅಂಕಗಳನ್ನೂ ಕೇಳುತ್ತ ಬಂದಿದೆ. ಯಾವ ದಿನದ ಅಂಕ ಕಳುಹಿಸಬೇಕೆಂದು ನೀವೇ ಆರಿಸುವ ಸೌಲಭ್ಯವನ್ನು ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಕೊಟ್ಟಿದ್ದರೂ, ಎಲ್ಲವನ್ನೂ ಕೇಳುವ ಕಾಲೇಜಿಗೆ ಇಳಿದದ್ದನ್ನು ಮುಚ್ಚಿಟ್ಟು ಅರ್ಜಿ ಹಾಕುವುದು ತಪ್ಪು ಮಾಹಿತಿ ಕೊಟ್ಟಂತೆಯೇ ಆಗುತ್ತದೆ.

ಎಲ್ಲವನ್ನೂ ಕೇಳುವ ಕಡೆಯಲ್ಲೂ ಸಣ್ಣ ಇಳಿತಕ್ಕೆ ಹೆದರಬೇಕಿಲ್ಲ. ಒಬ್ಬನೇ ವಿದ್ಯಾರ್ಥಿ ಸಿದ್ಧತೆಯಲ್ಲಿ ಬದಲಾವಣೆಯಿಲ್ಲದೆ ಮತ್ತೆ ಬರೆದರೂ ಅಂಕ ಆಚೀಚೆ ಸರಿಯುತ್ತದೆ ಎಂದು ಕಾಲೇಜ್ ಬೋರ್ಡ್ ತನ್ನ ಅಂಕಪಟ್ಟಿಯಲ್ಲಿಯೇ ವ್ಯಾಪ್ತಿಯೊಂದನ್ನು ತೋರಿಸುತ್ತದೆ. ಒಟ್ಟು ಅಂಕಕ್ಕೆ ಅದು ಎರಡೂ ಕಡೆ ಸುಮಾರು 40. ಅರ್ಜಿ ಓದುವವರಿಗೂ ಇದು ತಿಳಿದ ಸಂಗತಿ. ನೂರು, ನೂರೈವತ್ತು ಅಂಕ ಇಳಿದಿದ್ದರೆ, ಅದಕ್ಕೆ ಜ್ವರ ಅಥವಾ ಮನೆಯಲ್ಲಿ ಸಾವಿನಂಥ ನಿಜವಾದ ಕಾರಣವಿದ್ದರೆ ಮಾತ್ರ, ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಎರಡು ವಾಕ್ಯ ಬರೆಯಿರಿ. ಕಾರಣವಿಲ್ಲದ ಇಳಿತಕ್ಕೆ ಕಾರಣ ಹುಡುಕಿ ಪುಟ ತುಂಬಿಸಿದರೆ ಓದುವವರ ಗಮನ ಅಲ್ಲಿಗೇ ಹೋಗುತ್ತದೆ. ಕಾಲೇಜುಗಳ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಅರ್ಜಿ ಹಾಕುವ ವರ್ಷದ ಪುಟವನ್ನು ಓದಿ, ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ. ಇಂಗ್ಲಿಷ್ ಸಾಮರ್ಥ್ಯದ ಐಇಎಲ್‌ಟಿಎಸ್ ಮತ್ತು ಟೋಫೆಲ್ ಅಂಕಗಳಿಗೆ ಎರಡು ವರ್ಷಗಳ ಮಾನ್ಯತೆ ಇದೆ. ಅವಧಿಯೊಳಗೆ ಉತ್ತಮವಾದದ್ದನ್ನು ಕಳುಹಿಸಿದರೆ ಸಾಕು.

ಏಳನೇ ಹೆಜ್ಜೆ: ಇಳಿದ ಮೇಲೆ ಮಾಡಬೇಕಾದದ್ದು

ಮರುವರ್ಷದ ಅರ್ಜಿ ಹೊಸ ಅರ್ಜಿಯೇ. ಕಳೆದ ವರ್ಷ ಕೊಟ್ಟಿದ್ದೇನೆಂದು 371(ಜೆ) ಕಾಲಂ ಅನ್ನು ತುಂಬದೆ ಬಿಟ್ಟರೆ, ಆ ಮರೆವು ಮೂವತ್ತು ನಲವತ್ತು ಅಂಕಗಳ ಇಳಿತಕ್ಕಿಂತ ದುಬಾರಿಯಾಗಬಹುದು. ಉಪವಿಭಾಗದ ಸಹಾಯಕ ಆಯುಕ್ತರ ಕಚೇರಿಯಿಂದ ಪಡೆದ ಅರ್ಹತಾ ಪ್ರಮಾಣಪತ್ರ, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ, ಅವುಗಳ ಅವಧಿ, ಇವನ್ನು ಅರ್ಜಿಗೆ ಮೊದಲೇ ನೋಡಿಕೊಳ್ಳಿ. ನೀಟ್ ಬರೆದವರು ರಾಜ್ಯ ಕೋಟಾದ ಸೀಟಿಗೆ ಪ್ರಾಧಿಕಾರದಲ್ಲಿ ಪ್ರತ್ಯೇಕವಾಗಿ ನೋಂದಾಯಿಸಬೇಕು. ಅಂಕ ಕಡಿಮೆಯಾಯಿತೆಂಬ ಬೇಸರದಲ್ಲಿ ನೋಂದಣಿಯನ್ನೇ ಬಿಟ್ಟವರಿಗೆ, ಕೊನೆಯ ಸುತ್ತಿನಲ್ಲಿ ಗಡಿ ಅವರ ರ‍್ಯಾಂಕ್‌ವರೆಗೆ ಇಳಿದು ಬಂದರೂ ಪ್ರಯೋಜನವಿಲ್ಲ.

ನೀಟ್‌ಗಾಗಿ ವರ್ಷವಿಡೀ ಓದಿದವರು ಸಿಇಟಿಯನ್ನೂ ಬರೆದಿರಬೇಕು. ಜೀವಶಾಸ್ತ್ರ ಸೇರಿದಂತೆ ಪಾಠವೆಲ್ಲ ಹೆಚ್ಚುಕಡಿಮೆ ಒಂದೇ, ತಪ್ಪು ಉತ್ತರಕ್ಕೆ ಅಂಕ ಕಡಿತವೂ ಸಿಇಟಿಯಲ್ಲಿಲ್ಲ. ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. ಕೃಷಿ, ಬಿ.ಫಾರ್ಮಾದಂಥ ಕೋರ್ಸುಗಳಿಗೆ ಅದೇ ಬಾಗಿಲು. ನೀಟ್ ಇಳಿದ ವರ್ಷ ಈ ರ‍್ಯಾಂಕ್ ಕೈಯಲ್ಲಿದ್ದರೆ ಎರಡನೇ ವರ್ಷವೂ ಖಾಲಿ ಹೋಗುವುದಿಲ್ಲ.

ಸೇರುವಾಗ ಕಾಲೇಜಿನ ಕಚೇರಿಯಲ್ಲಿ ನಡುವಿನ ವರ್ಷದ ಬಗ್ಗೆ ಕೇಳಬಹುದು. ಅವರಿಗೆ ಬೇಕಿರುವುದು ನೋಟರಿಯ ಮುಂದೆ ಮಾಡಿಸಿದ ಅಫಿಡವಿಟ್, ಅಂದರೆ ಆ ವರ್ಷ ಬೇರೆ ಯಾವ ಕಾಲೇಜಿಗೂ ಸೇರಿರಲಿಲ್ಲ, ಪ್ರವೇಶ ಪರೀಕ್ಷೆಗೆ ಓದುತ್ತಿದ್ದೆ ಎಂಬ ಹೇಳಿಕೆ. ಹಳೆಯ ನೀಟ್ ಅಥವಾ ಸಿಇಟಿ ಅಂಕಪಟ್ಟಿಯನ್ನು ಅದಕ್ಕೆ ಲಗತ್ತಿಸುವ ಅಗತ್ಯವಿಲ್ಲ. ನಡುವೆ ಬೇರೆ ಕಾಲೇಜಿಗೆ ಸೇರಿ ಬಿಟ್ಟಿದ್ದರೆ ಮಾತ್ರ ಅಂಥ ಅಫಿಡವಿಟ್ ಮಾಡಿಸದೆ, ಆ ಕಾಲೇಜಿನಿಂದ ವರ್ಗಾವಣೆ ಪತ್ರ ಮತ್ತು ಮೂಲ ದಾಖಲೆಗಳನ್ನು ಮೊದಲು ಬಿಡಿಸಿಕೊಳ್ಳಿ. ಉಳಿದ ಶುಲ್ಕ ಕಟ್ಟದೆ ಅವು ಕೈಗೆ ಬರುವುದು ತಡವಾಗಬಹುದಾದ್ದರಿಂದ, ಕೌನ್ಸೆಲಿಂಗ್‌ನ ದಾಖಲೆ ಪರಿಶೀಲನೆಗೆ ಒಂದು ತಿಂಗಳಾದರೂ ಮೊದಲೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿರಿ.